ಊರಳಿವು ಮತ್ತು ಮರಳಿದವರು: ವೀರಗಲ್ಲುಗಳ ಹಿನ್ನೆಲೆಯಲ್ಲಿ ಈಸೂರು

ಶಿವನಿ, ಅಜ್ಜಂಪುರ, ತರೀಕೆರೆಗಳಿಂದ ವಾಯವ್ಯಕ್ಕೆ ಶಿಕಾರಿಪುರದವರೆಗೆ ಹಬ್ಬಿದ ಸೀಮೆ ವೀರಗಲ್ಲುಗಳ ನೆಲ. ಇಲ್ಲಿನ ಶಾಸನಗಳನ್ನು ಬಿ. ಎಲ್. ರೈಸ್ ಎಪಿಗ್ರಾಫಿಯ ಕರ್ನಾಟಿಕದ 6 ಮತ್ತು 7ನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ತುರುಗೋಳ್ (ದನಗಳ ಸೂರೆ), ಪೆಣ್ಬುಯ್ಯಲ್ (ಹೆಣ್ಣಿನ ಮಾನಕ್ಕೆ ಬಂದ ಆಪತ್ತು), ಊರಳಿವು (ಊರಿನ ನಾಶ) ಇವುಗಳಲ್ಲಿ ಮಡಿದವರಿಗೆ ಕಲ್ಲು ನಿಲ್ಲಿಸುವುದು ಹಳೆಯ ರೂಢಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಊರು ಬಿಟ್ಟೋಡಿ ಮಕ್ಕಳನ್ನು ಉಳಿಸಿಕೊಂಡವರಿಗೆ, ಹಾಳುಬಿದ್ದ ಮನೆಗೆ ಮತ್ತೆ ಸೂರು ಹೊದಿಸಿದವರಿಗೆ ಆ ಮೂರು ಪಟ್ಟಿಕೆಗಳಲ್ಲಿ ಎಡೆಯಿಲ್ಲ.

ಅವರ ಸುಳಿವು ಸಿಗುವುದು ದತ್ತಿಯ ಸಾಲುಗಳಲ್ಲಿ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲೇ ವಿಜ ಅರಸನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಎಂದರೆ ವೀರನ ಕತ್ತಿ ತೊಳೆದು ಕೊಡುವ ದತ್ತಿಯಾಗಿ, ಕೊಟ್ಟ ಮಾತಿದೆ. ಮುಂದೆ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುವ ಪದ್ಧತಿ ಬೆಳೆಯಿತು. ಕಲ್ಲು ಸತ್ತವನಿಗೆ, ಗದ್ದೆ ಉಳಿದವರಿಗೆ: ಈ ಎರಡನೆಯ ಭಾಗಕ್ಕೆ ನಮ್ಮ ವೀರಗಲ್ಲು ಅಧ್ಯಯನ ಇನ್ನೂ ಹೆಚ್ಚು ಗಮನ ಕೊಡಬೇಕಾಗಿದೆ.

ಶಿಕಾರಿಪುರ ತಾಲ್ಲೂಕಿನ ಈಸೂರು ಇದೇ ನೆಲದ ಇಪ್ಪತ್ತನೆಯ ಶತಮಾನದ ಊರಳಿವು. 1942ರ ಸೆಪ್ಟೆಂಬರಿನಲ್ಲಿ ಊರಿನವರು ತಮ್ಮದೇ ಸರ್ಕಾರ ಸಾರಿದರು. ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿದರು. ಗಾಂಧಿ ಟೋಪಿಯ ವಿಷಯಕ್ಕೆ ಎದ್ದ ಘರ್ಷಣೆಯಲ್ಲಿ ನಿಜದ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. ಪೊಲೀಸರೂ ಸೈನ್ಯವೂ ಬಂದವು. ಜನ ಕಾಡು ಸೇರಿದರು. ಮನೆಗಳು ಸೂರೆಯಾದವು, ಬೆಂಕಿಗೆ ಬಿದ್ದವು. ಮೊಕದ್ದಮೆ ನಡೆದು, 1943ರ ಮಾರ್ಚ್ 8, 9 ಮತ್ತು 10ರಂದು ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು.

ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಹಳೆಯ ಊರಳಿವಿನಲ್ಲಿ ಊರನ್ನು ಸುಡುವವನು ಹೊರಗಿನ ವೈರಿ. ಕೊಡಗೆ ಬಿಡುವವನು ಒಡೆಯ. ಈಸೂರಿನಲ್ಲಿ ಒಡೆತನದ ಕೈಯೇ ಊರನ್ನು ಹಾಳುಗೆಡವಿತು. ಹಾಗಾಗಿ ಸ್ಮಾರಕ ಏಳಲು ಸ್ವಾತಂತ್ರ್ಯ ಬರುವ ತನಕ ಕಾಯಬೇಕಾಯಿತು. ಆದರೆ ಕಾಡಿನಿಂದ ಮರಳಿದವರು ಯಾವ ದತ್ತಿಗೂ ಕಾಯುವಂತಿರಲಿಲ್ಲ. ಗೋಡೆ ಎಬ್ಬಿಸಬೇಕು, ಬಿತ್ತನೆಗೆ ಕಾಳು ಹೊಂದಿಸಬೇಕು, ಗಂಡಸರು ಸೆರೆಯಲ್ಲಿದ್ದ ಮನೆಗಳನ್ನು ನಡೆಸಬೇಕು. ನನ್ನ ದೃಷ್ಟಿಯಲ್ಲಿ ಇದೂ ಹೋರಾಟದ ಭಾಗವೇ. ಇದನ್ನು ಮನೆಮನೆಯ ನೆನಪಿನಿಂದ ಬರೆದಿಡುವುದು ಇತಿಹಾಸಕಾರರ ಹೊಣೆ.

ಆ ಬರವಣಿಗೆ ಹೆಂಗಸರಿಂದ ಶುರುವಾಗಬೇಕು. ಪೆಣ್ಬುಯ್ಯಲ್ ಕಲ್ಲುಗಳಲ್ಲಿ ಹೆಣ್ಣು ಗಂಡಸು ಕಾಯಬೇಕಾದ ಮಾನವಾಗಿ ಬರುತ್ತಾಳೆ. ಈಸೂರಿನ ಮೊಕದ್ದಮೆಯಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಆರೋಪಿಗಳಾಗಿ ನಿಂತರು. ಜೀವಾವಧಿ ಶಿಕ್ಷೆ ಹೊತ್ತು ಸೆರೆಮನೆಗೆ ನಡೆದರು.