ಖಾಕಿ ಬಾತುಕೋಳಿ ಬಂದ ದಾರಿ

ಬಾತುಕೋಳಿ ಸಾಕಣೆಯ ಮಾತು ಬಂದಾಗಲೆಲ್ಲ ಕೇಳಿಬರುವ ಹೆಸರು ಖಾಕಿ ಕ್ಯಾಂಪ್‌ಬೆಲ್. ಹೆಸರು ಇಂಗ್ಲಿಷಿನದಾದರೂ ಈ ತಳಿಯ ಕಥೆ ಆರಂಭವಾಗುವುದು ಭತ್ತದ ಗದ್ದೆಗಳಲ್ಲಿ.

ಇಂಡೋನೇಷ್ಯದ ಜಾವಾ, ಬಾಲಿ, ಲೊಂಬೊಕ್ ದ್ವೀಪಗಳ ಸಣ್ಣ ರೈತರು ಬಾತುಗಳನ್ನು ಬೆಳಿಗ್ಗೆ ಗದ್ದೆಗೆ ಹೊಡೆದುಕೊಂಡು ಹೋಗಿ ಸಂಜೆ ಮನೆಗೆ ಕರೆತರುತ್ತಿದ್ದರು. ಉದುರಿದ ಕಾಳು, ಹುಳುಹುಪ್ಪಟೆ ಆಯ್ದು ತಿನ್ನುತ್ತ ದಿನವಿಡೀ ನಡೆಯಬಲ್ಲ, ಹೆಚ್ಚು ಮೊಟ್ಟೆಯಿಡುವ ಹಕ್ಕಿಗಳನ್ನೇ ಅವರು ಉಳಿಸಿಕೊಂಡರು. ಸೀಸೆಯಂತೆ ನೆಟ್ಟಗೆ ನಿಂತು ಓಡುವ ತಳಿಯೊಂದು ಹೀಗೆ ಮೈದಾಳಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ ಸೇರಿದಾಗ ಅದಕ್ಕೆ ‘ಇಂಡಿಯನ್ ರನ್ನರ್’ ಎಂದು ಹೆಸರಿಟ್ಟರು. ಭಾರತದ್ದಲ್ಲದ ಹಕ್ಕಿಗೆ ಭಾರತದ ಹೆಸರು!

ಇಂಗ್ಲೆಂಡಿನ ಯೂಲಿ ಗ್ರಾಮದ ಅಡೆಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿಯ ಬಳಿ ಇಂಥದೊಂದು ಹೆಣ್ಣು ಬಾತು ಇತ್ತು. ನೋಟಕ್ಕೆ ಸಾಧಾರಣ, ಆದರೆ 196 ದಿನಗಳಲ್ಲಿ 182 ಮೊಟ್ಟೆ ಇಟ್ಟಿತ್ತು. ಆಕೆ ಎಣಿಸಿದ್ದರಿಂದಲೇ ಅದು ತಿಳಿದದ್ದು. ಮೈತುಂಬಿದ ರೂವಾನ್ ಗಂಡಿನೊಡನೆ, ಮುಂದೆ ಕಾಡುಬಾತಿನೊಡನೆ ಸಂಕರ ಮಾಡಿಸಿ 1898ರಲ್ಲಿ ಹೊಸ ತಳಿಯನ್ನು ಪರಿಚಯಿಸಿದರು. ಬಳಿಕ ಬಂದ ಮರಿಗಳ ಬಣ್ಣ ಅಂದಿನ ಸೈನಿಕರ ಸಮವಸ್ತ್ರವನ್ನು ಹೋಲುತ್ತಿದ್ದುದರಿಂದ ‘ಖಾಕಿ’ ಎಂಬ ಮಾತು ಸೇರಿತು.

ಈ ತಳಿ ಕರ್ನಾಟಕಕ್ಕೂ ಬಂತು. 1980ರ ದಶಕದಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಬಾತುಕೋಳಿ ತಳಿ ಅಭಿವೃದ್ಧಿ ಕ್ಷೇತ್ರ ಇದರ ಮರಿಗಳನ್ನು ರೈತರಿಗೆ ಒದಗಿಸಿತು. ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ 300ರಷ್ಟು ಮೊಟ್ಟೆ. ನಾಟಿ ಬಾತು ಅದರ ಅರ್ಧವನ್ನೂ ಮುಟ್ಟುವುದು ಕಷ್ಟ.

ತೊಡಕು ಇರುವುದು ಎರಡನೆಯ ತಲೆಮಾರಿನಲ್ಲಿ. ಖಾಕಿ ಬಾತು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಊರಿನ ಯಾವುದೋ ಗಂಡಿನೊಡನೆ ಬೆರೆತರೆ ಮರಿಗಳಲ್ಲಿ ತಾಯಿಯ ಗುಣ ಉಳಿಯದು. ತಳಿ ಹಂಚುವವರು ಮರಿ ಕೊಟ್ಟಷ್ಟು ಉತ್ಸಾಹದಿಂದ ಮರಿ ಮಾಡಿಸುವ ವಿದ್ಯೆಯನ್ನೂ ಕೊಡಬೇಕಿತ್ತೆಂದು ನನ್ನ ಅನಿಸಿಕೆ. ಬಾಲಿಯ ರೈತರು ಬೆಚ್ಚಗೆ ಕಾಯಿಸಿದ ಭತ್ತದ ಹೊಟ್ಟಿನಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿಸುತ್ತಿದ್ದರು, ಯಂತ್ರವಿರಲಿಲ್ಲ. ನಮ್ಮಲ್ಲಿ ಕಾವಿಗೆ ಬಂದ ನಾಟಿ ಕೋಳಿಯ ಕೆಳಗಿಡಬಹುದು. ಆದರೆ 21 ದಿನವಲ್ಲ, 28 ದಿನ ಬೇಕು. ಆರೇಳು ಹೆಣ್ಣಿಗೆ ಒಂದು ಗಂಡು ಸಾಕು. ಆ ಗಂಡು ಬೇರೆ ಹಿಂಡಿನ, ಹೆಚ್ಚು ಮೊಟ್ಟೆಯಿಟ್ಟ ತಾಯಿಯ ಮರಿಯಾಗಿರಲಿ.

ಎಣಿಕೆಯೇನೂ ಕಷ್ಟವಲ್ಲ. ಬಾತುಗಳು ಹೆಚ್ಚಾಗಿ ಬೆಳಿಗ್ಗೆ ಒಂಬತ್ತರೊಳಗೆ ಮೊಟ್ಟೆ ಇಟ್ಟು ಮುಗಿಸುತ್ತವೆ. ಅಲ್ಲಿಯವರೆಗೆ ಗೂಡಿನ ಬಾಗಿಲು ತೆರೆಯದಿದ್ದರಾಯಿತು.