ಭೋಗ್ಯ (ಮನೆ)

ಭೋಗ್ಯವು ಮನೆಯ ಮಾಲೀಕರು ದೊಡ್ಡ ಮೊತ್ತವೊಂದನ್ನು ಒಮ್ಮೆಗೇ ಪಡೆದು, ಒಪ್ಪಿದ ಅವಧಿಯವರೆಗೆ ಮನೆಯನ್ನು ವಾಸಕ್ಕೆ ಬಿಟ್ಟುಕೊಡುವ ಪದ್ಧತಿ. ವಾಸಿಸುವವರು ತಿಂಗಳ ಬಾಡಿಗೆ ಕೊಡುವುದಿಲ್ಲ. ಮಾಲೀಕರು ಆ ಹಣಕ್ಕೆ ಬಡ್ಡಿ ಕೊಡುವುದಿಲ್ಲ. ಅವಧಿ ಮುಗಿದಾಗ ಮೊತ್ತವನ್ನು ಹಿಂದಿರುಗಿಸಿ ಮನೆಯನ್ನು ಮರಳಿ ಪಡೆಯಲಾಗುತ್ತದೆ. ಬೆಂಗಳೂರು, ಮೈಸೂರು ಮೊದಲಾದ ನಗರಗಳಲ್ಲಿ ಇದನ್ನು ‘ಲೀಸ್’ ಎಂದೂ ಕರೆಯುವರು. ಹಣದ ಅಗತ್ಯವಿದ್ದರೂ ಮನೆಯನ್ನು ಮಾರಲೊಲ್ಲದವರಿಗೆ ಇದು ಮಾರಾಟ ಮತ್ತು ಬಾಡಿಗೆಗಳ ನಡುವಣ ಮೂರನೆಯ ದಾರಿ.

ಹಿನ್ನೆಲೆ

ಧರ್ಮಶಾಸ್ತ್ರಗಳಲ್ಲಿ ಅಡಮಾನಕ್ಕೆ ‘ಆಧಿ’ ಎಂದು ಹೆಸರು. ಕೇವಲ ಕಾಪಾಡಿಡಬೇಕಾದುದು ಗೋಪ್ಯಾಧಿ. ಸಾಲ ಕೊಟ್ಟವನು ಬಳಸಿಕೊಳ್ಳಬಹುದಾದುದು ಭೋಗ್ಯಾಧಿ. ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಫಲವನ್ನು ಅನುಭವಿಸುವ ಆಧಿಯು ಕಾಲ ಕಳೆದ ಮಾತ್ರಕ್ಕೆ ಒಡೆಯನ ಕೈತಪ್ಪದು. ಈ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಭಾರತದ ಸರ್ವೋಚ್ಚ ನ್ಯಾಯಾಲಯವೂ 2014ರ ಸಿಂಗ್ ರಾಮ್ ಪ್ರಕರಣದಲ್ಲಿ ಇದಕ್ಕೆ ಸಮೀಪದ ನಿಲುವನ್ನೇ ತಳೆಯಿತು.

ಮಾಲೀಕರ ಆಯ್ಕೆ

ಮನೆಯನ್ನು ಮಾರಿದರೆ ಹಣ ಪೂರ್ತಿಯಾಗಿ ಕೈಸೇರುತ್ತದೆ, ಆದರೆ ಆಸ್ತಿ ಹೋಗುತ್ತದೆ. ಲಾಭದ ಮೇಲೆ ಬಂಡವಾಳ ಗಳಿಕೆ ತೆರಿಗೆಯೂ ಬೀಳಬಹುದು. ಬಾಡಿಗೆಗೆ ಕೊಟ್ಟರೆ ಆದಾಯ ನಿಯತವಾದರೂ ಮಗಳ ಮದುವೆಗೋ ಹಳೆಯ ಸಾಲದ ತೀರುವಳಿಗೋ ಬೇಕಾದ ಗಂಟು ಅದರಿಂದ ಹುಟ್ಟುವುದಿಲ್ಲ. ಭೋಗ್ಯದಲ್ಲಿ ಗಂಟು ದೊರೆಯುತ್ತದೆ, ಮನೆಯೂ ಉಳಿಯುತ್ತದೆ. ಆದರೆ ಆ ಗಂಟು ಸಾಲವೇ ಹೊರತು ಗಳಿಕೆಯಲ್ಲ.

ಉದಾಹರಣೆಗೆ, ತಿಂಗಳಿಗೆ 15,000 ರೂಪಾಯಿ ಬಾಡಿಗೆ ಬರಬಹುದಾದ ಮನೆಯನ್ನು 15 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆಂದು ಭಾವಿಸಬಹುದು. ಆ ಹಣವನ್ನು ಶೇ. 7ರ ಬಡ್ಡಿಗೆ ಠೇವಣಿ ಇಟ್ಟರೆ ತಿಂಗಳಿಗೆ ಸಿಗುವುದು 8,750 ರೂಪಾಯಿ ಮಾತ್ರ. ಆದ್ದರಿಂದ ಹಣವನ್ನು ಠೇವಣಿ ಇಡಲೆಂದೇ ಭೋಗ್ಯಕ್ಕೆ ಕೊಡುವುದು ನಷ್ಟದ ವ್ಯವಹಾರ, ಶೇ. 12ಕ್ಕಿಂತ ಹೆಚ್ಚಿನ ಬಡ್ಡಿಯ ಸಾಲ ತೀರಿಸುವುದಿದ್ದರೆ ಮಾತ್ರ ಲೆಕ್ಕ ಕೂಡಿಬರುತ್ತದೆ. ಹಣ ಖರ್ಚಾಗಿಹೋಗಿದ್ದಲ್ಲಿ ಅವಧಿಯ ಕೊನೆಗೆ ಮತ್ತೊಬ್ಬ ಭೋಗ್ಯದಾರರನ್ನು ಹುಡುಕಿ, ಅವರ ಹಣದಿಂದ ಹಿಂದಿನವರಿಗೆ ಕೊಡುವುದು ರೂಢಿ. ಹೊಸಬರು ಸಿಗದಿದ್ದರೆ, ಯಾವ ಮನೆಯನ್ನು ಉಳಿಸಿಕೊಳ್ಳಲು ಭೋಗ್ಯಕ್ಕೆ ಕೊಟ್ಟರೋ ಅದನ್ನೇ ಆತುರದಲ್ಲಿ ಮಾರಬೇಕಾಗಬಹುದು.

ಕಾನೂನು ಮತ್ತು ಅಪಾಯಗಳು

1882ರ ಆಸ್ತಿ ವರ್ಗಾವಣೆ ಕಾಯ್ದೆಯ 58(ಡಿ) ಪ್ರಕರಣವು ಸ್ವಾಧೀನ ಸಹಿತ ಅಡಮಾನವನ್ನು ವಿವರಿಸುತ್ತದೆ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಇಂತಹ ಅಡಮಾನವೂ, ಒಂದು ವರ್ಷವನ್ನು ಮೀರಿದ ಗುತ್ತಿಗೆಯೂ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಆದರೂ ಶುಲ್ಕ ಉಳಿಸಲು ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕುವುದೇ ಹೆಚ್ಚು. ವ್ಯಾಜ್ಯ ಬಂದಾಗ ಅಂತಹ ಪತ್ರದ ಬಲ ತೀರ ಸೀಮಿತ.

ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದು ಮಾಲೀಕರು ಕಂತು ತಪ್ಪಿಸಿದರೆ, 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಹುದು. ಆಗ ಮನೆ ಮತ್ತು ಹಣ ಎರಡನ್ನೂ ಕಳೆದುಕೊಳ್ಳುವ ಭೀತಿ ಭೋಗ್ಯದಾರರದು. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರವನ್ನು ಹಣ ಕೊಡುವ ಮುನ್ನ ನೋಡುವುದು ಇದಕ್ಕಾಗಿಯೇ. ಮಾಲೀಕರಿಂದ ಬಾಡಿಗೆಗೆ ಪಡೆದ ಮನೆಯನ್ನು ಮಧ್ಯವರ್ತಿಗಳು ತಾವೇ ಭೋಗ್ಯಕ್ಕೆ ಕೊಟ್ಟು ವಂಚಿಸಿದ ಪ್ರಕರಣಗಳೂ ಬೆಂಗಳೂರಿನಲ್ಲಿ ನಡೆದಿವೆ.

ಇತರೆಡೆ

ತಮಿಳುನಾಡಿನಲ್ಲಿ ಇಂತಹ ವ್ಯವಹಾರಕ್ಕೆ ‘ಒತ್ತಿ’ ಎನ್ನುವರು. ದಕ್ಷಿಣ ಕೊರಿಯಾದ ‘ಜಾನ್ಸೆ’, ಬೊಲಿವಿಯಾದ ‘ಆಂಟಿಕ್ರೆಟಿಕೊ’ ಇದನ್ನೇ ಹೋಲುತ್ತವೆ. ಕೊರಿಯಾದಲ್ಲಿ ಠೇವಣಿ ಮರಳಿ ಸಿಗದ ವಂಚನೆಗಳು ಹೆಚ್ಚಿದಾಗ, ಸಂತ್ರಸ್ತರ ನೆರವಿಗೆ 2023ರಲ್ಲಿ ವಿಶೇಷ ಕಾಯ್ದೆಯನ್ನೇ ತರಲಾಯಿತು.