ಶೇಂಗಾ: ಹಕ್ಕಲು ಮತ್ತು ಹಕ್ಕು

ಶೇಂಗಾದಾಗ ಬಿಸಾಡೋದು ಏನೂ ಇಲ್ಲ ಅಂತಾರೆ. ಖರೇನೇ. ಕಾಳು ಎಣ್ಣೆಗೆ, ಹಿಂಡಿ ಎತ್ತಿಗೆ, ಬಳ್ಳಿ ಮೇವಿಗೆ, ಸಿಪ್ಪಿ ಒಲೆಗೆ. ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದು ನೆಲಕ್ಕೂ ಒಂದಿಷ್ಟು ಬಿಟ್ಟು ಹೋಗುತ್ತವೆ. ಆದರೆ ಚರಿತ್ರೆ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಪಾಲು ಯಾರ ಮನೆಗೆ ಹೋಯಿತು?

ಶೇಂಗಾ ಈ ನೆಲದ್ದಲ್ಲ. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷ ಬೆಳೆದು ಉಳಿಸಿಕೊಂಡಿದ್ದು. ಯುರೋಪಿನವರ ಹಡಗು ಹತ್ತಿ ಸಮುದ್ರ ದಾಟಿತು. 12ನೇ ಶತಮಾನದ ಕಲ್ಯಾಣದ ಶರಣರು ಅದನ್ನು ಕಂಡಿರಲಿಲ್ಲ. ಆಗ ಗಾಣದಾಗ ತಿರುಗಿದ್ದು ಎಳ್ಳು, ಕುಸುಬಿಯಂಥ ಕಾಳು. ಅಂದ ಮೇಲೆ ಯಾವ ಹಳೆಯ ಶಾಸ್ತ್ರವೂ ಶೇಂಗಾಕ್ಕೆ ಜಾತಿ ಬರೆದಿಲ್ಲ. ಜಾತಿ ಇಲ್ಲದ ಬೆಳೆಯೊಂದು ಜಾತಿಯ ಊರಿಗೆ ಬಂತು. ಊರು ಅದನ್ನು ಹಂಚಿಕೊಂಡ ಬಗೆ ನೋಡಿರಿ.

19ನೇ ಶತಮಾನದ ಕೊನೆಗೆ ಫ್ರಾನ್ಸಿನ ಮಾರ್ಸೇಲ್ಸ್‌ನ ಎಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳಿಗೆ ಪಾಂಡಿಚೇರಿಯ ಬಂದರಿನಿಂದ ಶೇಂಗಾ ಹೋಗುತ್ತಿತ್ತು. ಮಾರುಕಟ್ಟೆಯ ಬೆನ್ನು ಹತ್ತಿ ಬೆಳೆ ಒಣಬೇಸಾಯದ ಸೀಮೆಗೆಲ್ಲ ಹರಡಿತು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ ಬಂತು, ರಾಯಚೂರಿನಲ್ಲಿ ಎಣ್ಣೆ ಗಿರಣಿಗಳೆದ್ದವು.

ಲೆಕ್ಕ ಸರಳ. 100 ಕಿಲೊ ಒಣಕಾಯಿ ಸುಲಿದರೆ ಸುಮಾರು 70 ಕಿಲೊ ಕಾಳು, 30 ಕಿಲೊ ಸಿಪ್ಪಿ. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಎಣ್ಣೆ ತೆಗೆದ ಹಿಂಡಿಯಲ್ಲಿ 100ಕ್ಕೆ 40ರ ಮೇಲೆ ಪ್ರೋಟೀನು. ನಮ್ಮ ಕಡೆ ಹಿಂಡಿ ಅಂದರೆ ಎರಡು. ರೊಟ್ಟಿಯ ಜೋಡಿ ಕಟಗೊಂಡು ತಿನ್ನುವ ಖಾರದ ಶೇಂಗಾ ಹಿಂಡಿ ಒಂದು, ಗಾಣದಿಂದ ಬಂದ ದನದ ಹಿಂಡಿ ಇನ್ನೊಂದು. ಗೌಡರ ಎತ್ತಿಗೆ ದಿನಾ ಸಿಕ್ಕ ಪ್ರೋಟೀನು ಅದೇ ಹೊಲದಾಗ ದುಡಿದವಳ ಕೂಸಿಗೆ ಸಿಗಲಿಲ್ಲ. ಮೈಸೂರಿನ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಎಣ್ಣೆ ತೆಗೆದ ಶೇಂಗಾ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಮಕ್ಕಳಿಗೆ ಪುಷ್ಟಿಕರ ಆಹಾರ ಮಾಡಿ ತೋರಿಸಿದರು. ಜ್ಞಾನ ಇತ್ತು. ಪಾಲು ಇರಲಿಲ್ಲ.

ಹಾಗಾದರೆ ಭೂಮಿ ಇಲ್ಲದವರಿಗೆ ಉಳಿದದ್ದೇನು? ಕಲಬುರಗಿ ಮಗ್ಗುಲ ಶರಣಸಿರಸಗಿಯಿಂದ ಕಮಲಾಪುರದ ತನಕ ನೆಲ ನೋಡಿಕೊಂತ ಹೋದರೆ ಎರಿಯೂ ಸಿಗುತ್ತದೆ, ಮಸಾರಿಯೂ ಸಿಗುತ್ತದೆ. ಮಸಾರಿಯಲ್ಲಿ ಗಿಡ ಕಿತ್ತರೆ ಕಾಯಿ ಜೊತೆಗೆ ಬರುತ್ತದೆ. ಎರಿ ಒಣಗಿ ಬಿಗಿದುಕೊಂಡರೆ ತೊಟ್ಟು ಹರಿದು ಕಾಯಿ ಮಣ್ಣಾಗೇ ಉಳಿಯುತ್ತದೆ. ಧಣಿಯ ಬೆಳೆ ಕಣ ಸೇರಿದ ಮೇಲೆ ಹೆಣ್ಣುಮಕ್ಕಳು, ಹುಡುಗರು ಕುರ್ಪಿ ಹಿಡಿದು ಆ ಕಾಯಿ ಕೆದರಿ ಆಯುತ್ತಾರೆ. ಅದೇ ಹಕ್ಕಲು. ಧಣಿ ಬಿಟ್ಟರೆ ಉಂಟು, ಬೈದರೆ ಇಲ್ಲ.

ಹಕ್ಕಲಿನೊಳಗೆ ಇನ್ನೊಂದು ಅಪಾಯವೂ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಸತ್ತವು. ಕಾರಣ, ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಷ್ಟಿನ ವಿಷದ ಹೆಸರು ಅಫ್ಲಟಾಕ್ಸಿನ್. ಅದು ಈಲಿ ಕೆಡಿಸುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಮಣ್ಣಿನಲ್ಲಿ ಉಳಿದ, ಸೀಳಿದ, ತೇವ ಹತ್ತಿದ ಕಾಯಿಗೆ ಈ ಬೂಷ್ಟಿನ ಭಯ ಹೆಚ್ಚು. ಗಟ್ಟಿ ಕಾಳು ಪೇಟೆಗೆ, ಕಪ್ಪಿಟ್ಟ ಕಾಳು ಕೇರಿಗೆ! ಬಿಸಾಡಬೇಕಾದದ್ದು ಶೇಂಗಾದಾಗೂ ಒಂದಿದೆ. ಬಡವರ ಒಲೆ ಮಾತ್ರ ಅದನ್ನು ಬಿಸಾಡಲಾರದು.

ಸಮುದ್ರದಾಚೆಯ ಒಂದು ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಗುಲಾಮ ತಾಯಿಯ ಮಗ. 1896ರಲ್ಲಿ ಅಲಬಾಮದ ಟಸ್ಕೀಗಿ ವಿದ್ಯಾಸಂಸ್ಥೆಗೆ ಬಂದ ಅವರು, ಹತ್ತಿ ಬೆಳೆದು ಬೆಳೆದು ಸೊರಗಿದ ನೆಲಕ್ಕೆ ಶೇಂಗಾ ಹಾಕಿರಿ ಎಂದು ಕರಿಯ ರೈತರಿಗೆ ಕಲಿಸಿದರು. 1916ರ ಅವರ ಕಿರುಹೊತ್ತಿಗೆಯಲ್ಲಿ ಶೇಂಗಾದ 105 ಅಡುಗೆಗಳಿವೆ. ದೊಡ್ಡ ಕೆಲಸ. ಆದರೆ ನೆಲ ಬಹುಪಾಲು ಬಿಳಿಯ ಧಣಿಗಳದೇ ಆಗಿತ್ತು. ಪಾಲಿಗೆ ದುಡಿದವರ ಸಾಲ ಅಡುಗೆಯಿಂದ ತೀರಲಿಲ್ಲ.

ನಮ್ಮಲ್ಲಿ 1974ರ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿದವರ ಹೆಸರು ಯಾವ ಪಹಣಿಯಲ್ಲಿತ್ತು? 1976ರಲ್ಲಿ ಜೀತ ಕಾಗದದ ಮೇಲೆ ಹೋಯಿತು, ಹಕ್ಕಲು ಉಳಿಯಿತು. 2020ರ ತಿದ್ದುಪಡಿಯಂತೂ ರೈತರಲ್ಲದ ದುಡ್ಡಿನವರಿಗೂ ಹೊಲ ಕೊಳ್ಳುವ ಬಾಗಿಲು ತೆಗೆಯಿತು.

ಹಳ್ಳಿಶಾಲೆಯ ಮಾಸ್ತರ ಗೆಳೆಯರೆ, ಶೇಂಗಾದ ಉಪಯೋಗಗಳನ್ನು ಮಕ್ಕಳಿಂದ ಬರೆಸುವಾಗ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಸಿರಿ. ಮೇಲೆ ಒಂದೇ ಮಾತು ಬರೆಸಿರಿ: ಯಾರಿಗೆ? ಬೂಷ್ಟು ಹಿಡಿದ ಕಾಳು ಮನುಷ್ಯರಿಗೂ ಬೇಡ, ದನಕ್ಕೂ ಬೇಡ ಎಂದು ತಾಯಂದಿರಿಗೆ ಹೇಳಿ ಕಳಿಸಿರಿ. ಆಮೇಲೆ, ಒಳ್ಳೆಯ ಕಾಳು ಆ ಮನೆಗೆ ಯಾಕೆ ಬರಲಿಲ್ಲ ಎಂದು ನೀವೂ ಕೇಳಿಕೊಳ್ಳಿರಿ.

ಬೆಳೆಯ ಒಂದು ತೊಟ್ಟೂ ವ್ಯರ್ಥವಾಗದ ಊರಿನಲ್ಲಿ ಮನುಷ್ಯರ ಬೆವರು ವ್ಯರ್ಥವಾಗಬಾರದು. ನಮಗೆ ಬೇಕಾದದ್ದು ಹಕ್ಕಲಲ್ಲ, ಹಕ್ಕು.